ಮನೆಯ ಮೀಟರನ್ನು ಓದುವ ಬಗೆ

ಪ್ರತಿ ಸಂಚಿಕೆಗೂ ಛಂದಸ್ಸನ್ನೋ ವಚನವಾಙ್ಮಯವನ್ನೋ ಕುರಿತು ನಾಲ್ಕು ಪುಟ ಬರೆದುಕೊಡುತ್ತಿದ್ದ ಕನ್ನಡ ಪಂಡಿತನು ಈ ಸಲ ವಿದ್ಯುಚ್ಛಕ್ತಿಯ ಬಿಲ್ಲಿನ ವಿಚಾರಕ್ಕೆ ಕೈಹಾಕಿರುವುದನ್ನು ಕಂಡು ನಮ್ಮ ವಿಜ್ಞಾನದ ಉಪಾಧ್ಯಾಯ ಮಿತ್ರರು ನಗಬಹುದು. ನಗಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಯಾರ ಮನೆಯ ಜಗಲಿಯ ಮೇಲೆ ಕುಳಿತರೂ ಅಡಿಕೆಯ ಕೊಳೆರೋಗದ ಮಾತು ಮುಗಿದ ಮೇಲೆ ಬರುವುದು ಕರೆಂಟು ಬಿಲ್ಲಿನ ಮಾತೇ. ಅದಲ್ಲದೆ, ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗವು ಈ ವಿಷಯವನ್ನು ಹಣದ ಲೆಕ್ಕಕ್ಕಿಂತ ದೊಡ್ಡದೆಂದು ನನಗೆ ಮನಗಾಣಿಸಿತು. ಅದನ್ನು ಮುಂದೆ ನಿವೇದಿಸುತ್ತೇನೆ.

ಬಿಲ್ಲು ಏರಿತೆಂದೊಡನೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಏರಿದ್ದು ರೂಪಾಯಿಯೋ, ಯೂನಿಟ್ಟೋ? ಇವೆರಡನ್ನು ಬೇರ್ಪಡಿಸದೆ ಮಾಡುವ ವಾದವೆಲ್ಲ ವ್ಯರ್ಥ. 2023ನೆಯ ಇಸವಿಯ ಜೂನ್ ತಿಂಗಳನ್ನು ಓದುಗರು ನೆನಪಿಸಿಕೊಳ್ಳಬೇಕು. ರಾಜ್ಯದಾದ್ಯಂತ ಜನರು ಬಿಲ್ಲನ್ನು ಕೈಯಲ್ಲಿ ಹಿಡಿದು ಕಚೇರಿಗಳ ಮುಂದೆ ನಿಂತ ಕಾಲವದು. ಮೀಟರು ಹುಚ್ಚೆದ್ದಿದೆಯೆಂದೇ ಹಲವರು ತಿಳಿದರು. ವಾಸ್ತವವಾಗಿ ಬಹುಪಾಲು ಮನೆಗಳ ಮೀಟರು ಸರಿಯಾಗಿಯೇ ಇತ್ತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಮೇ ತಿಂಗಳಲ್ಲಿ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿ, ಆ ಏರಿಕೆಯನ್ನು ಏಪ್ರಿಲ್ 1ರಿಂದಲೇ ಅನ್ವಯವಾಗುವಂತೆ ಆಜ್ಞೆ ಮಾಡಿತ್ತು. ಆದುದರಿಂದ ಹಿಂದಿನ ಬಾಕಿಯೂ ಜೂನ್ ಬಿಲ್ಲಿನಲ್ಲಿ ಬಂದು ಕುಳಿತಿತು. ಇಂಧನ ಹೊಂದಾಣಿಕೆ ಶುಲ್ಕವೂ ಅದರೊಡನೆ ಸೇರಿತು. ಮೇಲಾಗಿ ಆಗಿನ ದರದ ರಚನೆಯೇ ವಿಚಿತ್ರವಾಗಿತ್ತು. ತಿಂಗಳಿಗೆ 100 ಯೂನಿಟ್ ಬಳಸಿದವನಿಗೆ ಯೂನಿಟ್ಟಿಗೆ 4 ರೂಪಾಯಿ 75 ಪೈಸೆಯಂತೆ 475 ರೂಪಾಯಿ. ಒಂದೇ ಒಂದು ಯೂನಿಟ್ ಹೆಚ್ಚಾಗಿ 101 ಆಯಿತೋ, ಅಷ್ಟಕ್ಕೂ 7 ರೂಪಾಯಿಯಂತೆ 707 ರೂಪಾಯಿ! ಆ ಒಂದು ಯೂನಿಟ್ಟಿನ ಬೆಲೆ 232 ರೂಪಾಯಿ. 2024ರ ಏಪ್ರಿಲ್ಲಿನಿಂದ ಈ ಮೆಟ್ಟಿಲನ್ನು ತೆಗೆದು ಎಲ್ಲಕ್ಕೂ 5 ರೂಪಾಯಿ 90 ಪೈಸೆಯ ಏಕದರವನ್ನು ತಂದರು. ದರವು ವರ್ಷವರ್ಷವೂ ಬದಲಾಗುವ ವಸ್ತು. ಅದು ನಮ್ಮ ಕೈಯಲ್ಲಿಲ್ಲ. ಯೂನಿಟ್ ಮಾತ್ರ ನಮ್ಮ ಮನೆಯೊಳಗಿನ ಸಂಗತಿ.

ಅದೇ 2023ರ ಜುಲೈ ಬಳಕೆಯಿಂದ ಗೃಹಜ್ಯೋತಿ ಯೋಜನೆ ಜಾರಿಗೆ ಬಂದು, ಆಗಸ್ಟಿನಿಂದ ಶೂನ್ಯ ಮೊತ್ತದ ಬಿಲ್ಲುಗಳು ಬರತೊಡಗಿದವು. 2022-23ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತರಷ್ಟು ಸೇರಿಸಿ ಪ್ರತಿ ಮನೆಗೂ ಒಂದು ಮಿತಿಯನ್ನು ಗೊತ್ತುಮಾಡಿದರು. ಆ ಮಿತಿಯನ್ನು ದಾಟಿದರೆ ದಾಟಿದಷ್ಟಕ್ಕೆ ಹಣ. 200 ಯೂನಿಟ್ಟನ್ನೇ ದಾಟಿದರೆ ಪೂರ್ತಿ ಬಿಲ್ಲಿಗೆ ಹಣ. ಬಡವರ ಮನೆಗೆ ಇದರಿಂದಾದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದರಿಂದ ಒಂದು ಸೂಕ್ಷ್ಮವಾದ ತೊಡಕೂ ಹುಟ್ಟಿಕೊಂಡಿತು. ಬಿಲ್ಲಿನಲ್ಲಿ ಸೊನ್ನೆ ಕಂಡವನು ಮೀಟರಿನ ಕಡೆ ನೋಡುವುದನ್ನೇ ಬಿಟ್ಟನು. ಒಂದು ಮನೆಯ ಗೋಡೆಯೊಳಗೆ 2022ರಲ್ಲಿಯೇ ವಿದ್ಯುತ್ತು ಸೋರುತ್ತಿದ್ದರೆ, ಆ ಸೋರಿಕೆಯೂ ಸರಾಸರಿಯಲ್ಲಿ ಸೇರಿಹೋಗಿ, ಅದಕ್ಕೂ ಹತ್ತರಷ್ಟು ಹೆಚ್ಚಿನ ಮರ್ಯಾದೆ ದೊರೆತು, ಬಿಲ್ಲು ಶೂನ್ಯವಾಗಿಯೇ ಬರುತ್ತದೆ. ರೋಗವಿದೆ, ಜ್ವರವಿಲ್ಲ.

ಯೂನಿಟ್ ಎಂದರೇನು? ಸಾವಿರ ವ್ಯಾಟಿನ ಉಪಕರಣವೊಂದು ಒಂದು ಗಂಟೆ ನಡೆದರೆ ಒಂದು ಯೂನಿಟ್. 9 ವ್ಯಾಟಿನ ಎಲ್.ಇ.ಡಿ. ದೀಪವು ಒಂದು ಯೂನಿಟ್ಟಿನಲ್ಲಿ 111 ಗಂಟೆ ಉರಿಯುತ್ತದೆ. ಹಳೆಯ 60 ವ್ಯಾಟಿನ ಬುರುಡೆ ದೀಪಕ್ಕೆ ಹದಿನೇಳು ಗಂಟೆಯೂ ಪೂರೈಸದು. 2000 ವ್ಯಾಟಿನ ಗೀಸರು ಅರ್ಧ ಗಂಟೆಯಲ್ಲಿ ಅದನ್ನು ಮುಗಿಸುತ್ತದೆ. ಇಷ್ಟು ತಿಳಿದವನು ರಾತ್ರಿ ಮಕ್ಕಳು ಓದುವ ದೀಪವನ್ನು ಗದರಿಸಿ ಆರಿಸುವುದಿಲ್ಲ. ನಮ್ಮಲ್ಲಿ ಅನೇಕ ಯಜಮಾನರು ಮಾಡುವುದು ಅದನ್ನೇ. ಬಚ್ಚಲಿನ ಹಂಡೆಯೊಲೆ ಆರಿ ಗೀಸರು ಬಂದದ್ದು ಅವರ ಗಮನಕ್ಕೆ ಬಂದಿರುವುದಿಲ್ಲ.

ಬಾವಿಯ ಪಂಪು ಇನ್ನೊಂದು ದೊಡ್ಡ ಬಾಯಿ. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್. ಮೋಟಾರಿನೊಳಗಿನ ನಷ್ಟವನ್ನೂ ಕೂಡಿಸಿದರೆ ಗಂಟೆಗೆ ಹೆಚ್ಚುಕಡಮೆ ಒಂದು ಯೂನಿಟ್. ಫುಟ್‌ವಾಲ್ವ್ ಸವೆದು ನೀರು ಬಾವಿಗೆ ಹಿಂದಿರುಗುತ್ತಿದ್ದರೆ, ಅಥವಾ ಅಟ್ಟದ ಮೇಲಿನ ಟ್ಯಾಂಕು ತೊಟ್ಟಿಕ್ಕುತ್ತಿದ್ದರೆ, ಅರ್ಧ ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ಮಲೆನಾಡಿನ ಲೈನುಗಳ ಕೊನೆಯಲ್ಲಿರುವ ಮನೆಗಳಲ್ಲಿ ವೋಲ್ಟೇಜು ಕುಗ್ಗಿದಾಗ ಮೋಟಾರು ಹೆಚ್ಚು ಕರೆಂಟನ್ನೆಳೆದು ಕಾಯುತ್ತದೆಯೇ ಹೊರತು ನೀರನ್ನು ಬೇಗ ಎತ್ತುವುದಿಲ್ಲ. ಬಾಗಿಲಿನ ರಬ್ಬರು ಸಡಿಲವಾದ ಫ್ರಿಜ್ಜು, ಮುಪ್ಪಾದ ಬ್ಯಾಟರಿಯ ಇನ್ವರ್ಟರು, ಇವುಗಳೂ ಇದೇ ಪಂಕ್ತಿಗೆ ಸೇರಿದವು.

ಕಾಗದದ ಮೇಲಿನ ಕಾರಣಗಳೂ ಉಂಟು. ಒಂದು ಬಿಲ್ಲು 29 ದಿನದ್ದು, ಮುಂದಿನದು 36 ದಿನದ್ದಾದರೆ ಎರಡನ್ನೂ ದಿನದ ಲೆಕ್ಕಕ್ಕೆ ಇಳಿಸಿಯೇ ಹೋಲಿಸಬೇಕು. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರ ಊರ ಮನೆಗೆ ಬೀಗವಿದೆ. ಮೀಟರು ಒಳಗಿದ್ದರೆ ಅಂದಾಜಿನ ಬಿಲ್ಲು ಬರುತ್ತದೆ, ಬಾಗಿಲು ತೆರೆದ ತಿಂಗಳು ವ್ಯತ್ಯಾಸವೆಲ್ಲ ಒಟ್ಟಿಗೆ ಬೀಳುತ್ತದೆ. ತಟ್ಟೆ ತಿರುಗುವ ಹಳೆಯ ಮೀಟರನ್ನು ತೆಗೆದು ಎಲೆಕ್ಟ್ರಾನಿಕ್ ಮೀಟರು ಹಾಕಿದೊಡನೆ ಯೂನಿಟ್ ಏರಿತೆಂಬ ದೂರೂ ಸಾಮಾನ್ಯ. ಹಳೆಯದು ಸವೆದು ನಿಧಾನವಾಗಿ ತಿರುಗುತ್ತಿದ್ದಿರಬಹುದು. ಹೊಸದು ಸಣ್ಣ ಬಳಕೆಯನ್ನೂ ಬಿಡದೆ ಬರೆದುಕೊಳ್ಳುತ್ತದೆ. ನಿಜವಾಗಿಯೂ ಮೀಟರಿನ ಮೇಲೆಯೇ ಸಂಶಯವಿದ್ದರೆ ನಮ್ಮ ಭಾಗಕ್ಕೆ 2002ರಿಂದ ವಿದ್ಯುತ್ ಸರಬರಾಜು ಮಾಡುತ್ತಿರುವ ಮೆಸ್ಕಾಂ ಸಂಸ್ಥೆಯ ಶಾಖಾ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಮೀಟರಿನ ಮುದ್ರೆಯನ್ನು ಮಾತ್ರ ಯಾರೂ ಮುಟ್ಟಬಾರದು.

ಇನ್ನು ನಮ್ಮ ಮನೆಯ ಪ್ರಸಂಗ. ತಿಂಗಳಿಗೆ 62 ಯೂನಿಟ್ ಸರಾಸರಿಯ ಮನೆ ನಮ್ಮದು. ಗೃಹಜ್ಯೋತಿಯ ಮಿತಿ 68. 2024ರ ಆರಿದ್ರಾ ಮಳೆಯ ಹೊತ್ತಿಗೆ ಬಂದ ಬಿಲ್ಲಿನಲ್ಲಿ 143 ಯೂನಿಟ್ ಇತ್ತು. ಹೆಚ್ಚಾದ 75 ಯೂನಿಟ್ಟಿಗೆ 442 ರೂಪಾಯಿ 50 ಪೈಸೆ, ಅದರ ಮೇಲೆ ತೆರಿಗೆ. ನಾನು ಮೊಮ್ಮಗಳ ದೂರದರ್ಶನವನ್ನು ಆಕ್ಷೇಪಿಸಿದೆ, ಮಿಕ್ಸಿಯನ್ನು ಆಕ್ಷೇಪಿಸಿದೆ. ಅದೇ ದಿನಗಳಲ್ಲಿ ನಮ್ಮ ಮನೆಯವರು ಇನ್ನೊಂದು ಮಾತು ಹೇಳಿದ್ದರು: “ಗೌರಿ ಬಾನಿ ಹತ್ರ ಹೋದ್ರೆ ಹಿಂದಕ್ಕೆ ಹಾರುತ್ತೆ ಕಣ್ರೀ, ನೀರೇ ಕುಡಿಯೋದಿಲ್ಲ.” ಗೌರಿ ನಮ್ಮ ಆಕಳು, ಬಾನಿಯೆಂದರೆ ಬಾವಿಯ ಪಕ್ಕದ ಕಲ್ಲುಬಾನಿ. ಪಶುವೈದ್ಯರು ಬಂದು ನೋಡಿ ರೋಗವೇನೂ ಇಲ್ಲವೆಂದರು. ಹಿರಿಯರೊಬ್ಬರು ದೃಷ್ಟಿಯೆಂದರು. ಬಿಲ್ಲಿಗೂ ಆಕಳಿಗೂ ಸಂಬಂಧವುಂಟೆಂದು ಷಡ್ದರ್ಶನಗಳ ಹೆಸರು ಬಲ್ಲ ನನಗೆ ಹೊಳೆಯಲಿಲ್ಲ.

ಹೊಳೆದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ. ಸವರ್ಣದೀರ್ಘ ಸಂಧಿಗೂ ಗುಣಸಂಧಿಗೂ ಕೊನೆಯವರೆಗೆ ಭೇದವರಿಯದೆ ಹೋದ ಆತ ಈಗ ಪರವಾನಗಿ ಪಡೆದ ವೈರ್‌ಮನ್. “ಮೇಷ್ಟ್ರೇ, ಬಿಲ್ಲನ್ನ ಒಳಗಿಡಿ, ಮೀಟರು ನೋಡೋಣ” ಎಂದನು. ಮೊದಲು ಮೈನ್ ಸ್ವಿಚ್ಚನ್ನು ಆರಿಸಿದನು. ಮೀಟರಿನ ಮುಖದ ಮೇಲೆ ಮಿಡಿಯುವ ಕೆಂಪು ದೀಪ ನಿಂತಿತು. ಅಂದರೆ ಮೀಟರು ತಾನಾಗಿ ಓಡುತ್ತಿಲ್ಲ. ಅನಂತರ ಮೈನನ್ನು ಹಾಕಿ, ಮನೆಯ ದೀಪ, ಫ್ಯಾನು, ಫ್ರಿಜ್ಜು, ಇನ್ವರ್ಟರು ಎಲ್ಲವನ್ನೂ ಬಿಡಿಸಿದನು. ಆಗ ಮಿಡಿತವು ನಿಲ್ಲಬೇಕು, ನಿಲ್ಲಲಿಲ್ಲ. ಗಡಿಯಾರ ಹಿಡಿದು ಎಣಿಸಿದೆವು: ನಿಮಿಷಕ್ಕೆ ಆರು. ನಮ್ಮ ಮೀಟರಿನ ಮೇಲೆ 3200 ಎಂದು ಅಚ್ಚಾಗಿದೆ, ಅಷ್ಟು ಮಿಡಿತಕ್ಕೆ ಒಂದು ಯೂನಿಟ್. ನಿಮಿಷಕ್ಕೆ ಆರಾದರೆ ದಿನಕ್ಕೆ 8640 ಮಿಡಿತ, ಅಂದರೆ 2.7 ಯೂನಿಟ್; ತಿಂಗಳಿಗೆ 81. ಕಾಣೆಯಾದ ಲೆಕ್ಕವಷ್ಟೂ ಅಲ್ಲಿ ಸಿಕ್ಕಿತು. ಒಂದೊಂದೇ ಎಂ.ಸಿ.ಬಿ.ಯನ್ನು ಇಳಿಸುತ್ತ ಬಂದಾಗ ಬಾವಿಯ ಲೈನನ್ನು ಇಳಿಸಿದೊಡನೆ ದೀಪ ನಿಂತಿತು.

ಪಂಪಿನ ಸ್ವಿಚ್ಚು ಬಾವಿಯ ಬಳಿಯ ಶೆಡ್ಡಿನಲ್ಲಿತ್ತು. ಹಾಗಾಗಿ ಮನೆಯಿಂದ ಅಲ್ಲಿಯವರೆಗೆ ನೆಲದೊಳಗೆ ಹೋದ ಕೇಬಲ್ಲಿನಲ್ಲಿ ಪಂಪು ನಡೆಯದಿದ್ದಾಗಲೂ ಹಗಲಿರುಳು ವಿದ್ಯುತ್ತು. ಹಿಂದೆ ಎಂದೋ ಅಡಿಕೆ ಸಸಿಗೆ ಗುಂಡಿ ತೋಡುವಾಗ ಗುದ್ದಲಿ ತಗುಲಿದ್ದ ಜಾಗದಲ್ಲಿ ಬರೀ ಟೇಪು ಸುತ್ತಿ ಮುಚ್ಚಿದ್ದರು. ಅದು ಬಾನಿಯಿಂದ ಎರಡು ಮಾರು ದೂರ. ಮಳೆನೀರು ಇಳಿದು ಫೇಸ್ ತಂತಿಯಿಂದ ಅರ್ಧ ಆಂಪೇರಿಗೆ ತುಸು ಕಡಮೆ ಕರೆಂಟು ಮಣ್ಣಿಗೆ ಹರಿಯುತ್ತಿತ್ತು. ವಿದ್ಯುತ್ ಎಂಬ ಶಬ್ದಕ್ಕೆ ವಿಶೇಷವಾಗಿ ಹೊಳೆಯುವುದೆಂದು ಅರ್ಥ ಹೇಳುತ್ತೇವೆ. ಸೋರುವ ವಿದ್ಯುತ್ತು ಹೊಳೆಯುವುದೇ ಇಲ್ಲ. ಹದಿನಾರು ಆಂಪೇರಿನ ಎಂ.ಸಿ.ಬಿ.ಗೆ ಅರ್ಧ ಆಂಪೇರು ಲೆಕ್ಕಕ್ಕೇ ಇಲ್ಲ. ಅದು ಬೀಳುವುದು ಅತಿಭಾರಕ್ಕೆ, ಸೋರಿಕೆಗಲ್ಲ. ಸೋರಿಕೆಗೆಂದೇ ಇರುವ ಆರ್.ಸಿ.ಸಿ.ಬಿ. ಎಂಬ ಉಪಕರಣವು 0.03 ಆಂಪೇರಿಗೇ ಸಂಪರ್ಕವನ್ನು ಕಡಿದುಬಿಡುತ್ತದೆ, ಏಕೆಂದರೆ ಅದಕ್ಕೂ ಮೀರಿದ್ದು ಮನುಷ್ಯನ ಎದೆಯ ಮೂಲಕ ಹರಿದರೆ ಪ್ರಾಣಕ್ಕೆ ಅಪಾಯ. ನಮ್ಮಲ್ಲಿ ಸೋರುತ್ತಿದ್ದುದು ಅದರ ಹದಿನಾರು ಪಾಲು. ಅದೆಲ್ಲವೂ ಒಂದು ಜೀವದ ಮೂಲಕವೇ ಹರಿಯುವುದಿಲ್ಲವೆಂಬುದು ನಿಜ. ಒದ್ದೆ ನೆಲದಲ್ಲಿ ಹರಡುತ್ತದೆ. ಆದರೆ ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಅಂತರ ಹೆಚ್ಚಿರುವ ದನಗಳಿಗೆ ಆ ನೆಲದ ವೋಲ್ಟೇಜಿನ ವ್ಯತ್ಯಾಸ ನಮಗಿಂತ ಮೊದಲು ತಟ್ಟುತ್ತದೆ. ಚಪ್ಪಲಿ ಮೆಟ್ಟಿ ಓಡಾಡುತ್ತಿದ್ದ ನನಗೆ ಏನೂ ತಿಳಿದಿರಲಿಲ್ಲ. ಮೊಮ್ಮಗಳು ಬರಿಗಾಲಿನಲ್ಲಿ ಅದೇ ಬಾನಿಯ ಬಳಿ ಕಾಗದದ ದೋಣಿ ಬಿಡುತ್ತಿದ್ದಳು.

ಮಳೆಗಾಲದಲ್ಲಿ ಗೋಡೆಗೆ ಕೈ ತಾಗಿದಾಗ ಜುಮ್ಮೆನ್ನುವುದು, ನಲ್ಲಿ ಮುಟ್ಟಿದರೆ ಚುರುಕು ತಗಲುವುದು, ದನ ಒಂದು ಜಾಗಕ್ಕೆ ಹೆದರುವುದು, ಇವುಗಳನ್ನು ಸಹಜವೆಂದು ತಳ್ಳಿಹಾಕುವ ಮನೆಗಳು ನಮ್ಮ ಕಡೆ ಕಡಮೆಯೇನಿಲ್ಲ. ಹಂಚಿನ ಮಾಡಿನಡಿಯ ಮರದ ಅಟ್ಟದಲ್ಲಿ ಇಲಿ ಕಡಿದ ವೈರು, ನೀರು ನಿಂತ ಪೈಪು, ಒಣಗಿದ ಅರ್ತಿಂಗ್ ಗುಂಡಿ, ಇವೂ ನಮ್ಮ ಕೇಬಲ್ಲಿನ ದಾಯಾದಿಗಳೇ. ಮೀಟರಿನ ಮಿಡಿತವನ್ನು ನೋಡಲು ಯಾರ ಅಪ್ಪಣೆಯೂ ಬೇಡ. ಮಿಡಿತ ನಿಲ್ಲದಿದ್ದರೆ ಮುಂದಿನದನ್ನು ಪರವಾನಗಿಯುಳ್ಳವರಿಗೆ ಬಿಡಬೇಕು. ಅವರಲ್ಲಿ ತಂತಿಯ ನಿರೋಧವನ್ನು ಅಳೆಯುವ ಮೆಗ್ಗರ್ ಇರುತ್ತದೆ, ನಮ್ಮಲ್ಲಿರುವುದು ಕುತೂಹಲ ಮಾತ್ರ.

ನಮ್ಮ ವೈರ್‌ಮನ್ ಹೊಸ ಕೇಬಲ್ಲನ್ನು ಪೈಪಿನೊಳಗೆ ಎಳೆದು, ಪಂಪಿನ ಸ್ವಿಚ್ಚನ್ನು ಮನೆಯೊಳಕ್ಕೆ ತಂದು, ಆರ್.ಸಿ.ಸಿ.ಬಿ. ಕೂರಿಸಿ, ಅರ್ತಿಂಗ್ ಗುಂಡಿಯನ್ನು ಹೊಸದಾಗಿ ಮಾಡಿಕೊಟ್ಟನು. ಸಂಭಾವನೆ ಕೊಡಹೋದಾಗ, ಹತ್ತನೆಯ ತರಗತಿಯಲ್ಲಿ ಕನ್ನಡದಲ್ಲಿ ತನ್ನನ್ನು ಪಾಸು ಮಾಡಿಸಿದ ಬಾಬ್ತಿಗೆ ವಜಾ ಹಾಕಿಕೊಳ್ಳಿ ಎಂದನು, ಒತ್ತಾಯಿಸಿ ಕೊಟ್ಟೆ. ಮುಂದಿನ ತಿಂಗಳ ಬಿಲ್ಲಿನಲ್ಲಿ 64 ಯೂನಿಟ್ ಇತ್ತು. ಆಕಳು ಎರಡು ದಿನ ದೂರವೇ ನಿಂತು ಮೂಸಿ ಮೂಸಿ ನೋಡಿ, ಮೂರನೆಯ ದಿನ ಬೆಳಿಗ್ಗೆ ಬಾನಿಗೆ ಬಾಯಿ ಹಾಕಿತು.