ಮನೋರೋಗ ಶುಶ್ರೂಷೆಯ ಉನ್ನತ ವ್ಯಾಸಂಗ: ನಂಬಿಕೆ ಮತ್ತು ನಿಜ

ಹುಚ್ಚಾಸ್ಪತ್ರೆಯ ದಾದಿಗೆ ಬೇಕಾದುದು ತೋಳಬಲವೂ ಗಟ್ಟಿ ಗುಂಡಿಗೆಯೂ ಹೊರತು ಎಂ.ಎಸ್‌ಸಿ. ಪದವಿಯಲ್ಲವೆಂಬ ಮಾತು ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುತ್ತದೆ. ರೋಗಿಗಳನ್ನು ಬಿಗಿದಿಡುತ್ತಿದ್ದ ಕಾಲದಲ್ಲಿ ಹುಟ್ಟಿದ ಮಾತಿದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಾದರೋ ಸರಪಳಿಯನ್ನೂ ಒಂಟಿಕೋಣೆಯ ಬಂಧನವನ್ನೂ ನಿಷೇಧಿಸಿ, ಸನ್ನಿಹಿತವಾದ ಅಪಾಯವನ್ನು ತಪ್ಪಿಸಲು ಅನ್ಯಮಾರ್ಗವೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಅನುಮತಿಯಿಂದಲೇ, ದೈಹಿಕ ನಿರ್ಬಂಧಕ್ಕೆ ಎಡೆಗೊಟ್ಟಿದೆ.

ತೋಳಿನ ಕೆಲಸವನ್ನು ಈಗ ಕಣ್ಣು ಕಿವಿಗಳು ಮಾಡಬೇಕು. ಹ್ಯಾಲೋಪೆರಿಡಾಲ್ ಆರಂಭವಾದ ಕೆಲವು ದಿನಗಳಲ್ಲಿ ರೋಗಿಯೊಬ್ಬನು ಕುಳಿತಲ್ಲಿ ಕೂರಲಾರದೆ ವಾರ್ಡಿನುದ್ದಕ್ಕೂ ಶತಪಥ ತಿರುಗುತ್ತಾನೆ; ನಿಂತರೂ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತಲೇ ಇರುತ್ತಾನೆ. ಕಾಯಿಲೆ ಕೆರಳಿತೆಂದು ಬಗೆದು ಅದೇ ಔಷಧವನ್ನು ಹೆಚ್ಚಿಸಿದರೆ ಅವನ ಯಾತನೆ ಇಮ್ಮಡಿಯಾದೀತು. ಶಿಕ್ಷಿತಳಾದ ಶುಶ್ರೂಷಕಿಯು ಅವನೊಡನೆ ಹೆಜ್ಜೆ ಹಾಕುತ್ತ, "ಚಡಪಡಿಕೆ ಮನಸ್ಸಿನಲ್ಲೋ, ಕಾಲಿನಲ್ಲೋ?" ಎಂದು ವಿಚಾರಿಸಿ, ಔಷಧದ ಪ್ರಮಾಣ ಏರಿದುದು ಯಾವಾಗಲೆಂದು ಚಾರ್ಟಿನಲ್ಲಿ ನೋಡಿ, ಅಕಥೀಸಿಯವೆಂಬ ಅಡ್ಡಪರಿಣಾಮವನ್ನು ಶಂಕಿಸಿ ವೈದ್ಯರಿಗೆ ತಿಳಿಸುತ್ತಾಳೆ.

ರೋಗಿಯನ್ನು ಮಾತನಾಡಿಸಲು ಓದೇಕೆಂದು ಕೇಳುವವರುಂಟು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ ಈ ಸ್ನಾತಕೋತ್ತರ ಶಿಕ್ಷಣವನ್ನು ಕಟ್ಟಿದ ಹಿಲ್ಡೆಗಾರ್ಡ್ ಪೆಪ್ಲಾವ್ ಅವರು, ದಾದಿಗೂ ರೋಗಿಗೂ ನಡುವೆ ಬೆಳೆಯುವ ಸಂಬಂಧವೇ ಶುಶ್ರೂಷೆಯ ತಿರುಳೆಂದು 1952ರಲ್ಲಿಯೇ ಗ್ರಂಥವೊಂದರಲ್ಲಿ ಪ್ರತಿಪಾದಿಸಿದರು. ನಮ್ಮಲ್ಲಿಯೂ ವಿದ್ಯಾರ್ಥಿನಿಯು ರೋಗಿಯ ಮಾತನ್ನೂ ತನ್ನ ಉತ್ತರವನ್ನೂ ಯಥಾವತ್ತಾಗಿ ಬರೆದು, ಪಕ್ಕದಲ್ಲಿ ಆಗ ತನ್ನೊಳಗೆ ಎದ್ದ ಭಯವನ್ನೋ ಬೇಸರವನ್ನೋ ನಮೂದಿಸಿ ಅಧ್ಯಾಪಕರ ಮುಂದಿಡಬೇಕು. ತನ್ನ ಸ್ವಭಾವವನ್ನೇ ಹೀಗೆ ಪರೀಕ್ಷೆಗೆ ಒಡ್ಡಿಕೊಳ್ಳುವುದು, ನನ್ನ ದೃಷ್ಟಿಯಲ್ಲಿ, ಈ ವ್ಯಾಸಂಗದ ಅತ್ಯಂತ ಕಠಿಣ ಭಾಗ.

ನಿಮ್ಹಾನ್ಸ್ ಮೊದಲಾದೆಡೆ ನಡೆಯುವ ಈ ವ್ಯಾಸಂಗದ ಅವಧಿ ಎರಡು ವರ್ಷ, ಬಿ.ಎಸ್‌ಸಿ. ನರ್ಸಿಂಗ್ ಪದವಿಯ ಜೊತೆಗೆ ವೃತ್ತಿಯ ಅನುಭವವೂ ಇರಬೇಕು. ಪದವಿ ಬಂದೊಡನೆ ಮಾತ್ರೆ ಬರೆದುಕೊಡಬಹುದೆಂಬುದು ತಪ್ಪು. ಅಮೆರಿಕದ ಮನೋರೋಗ ನರ್ಸ್ ಪ್ರಾಕ್ಟೀಷನರುಗಳಿಗಿರುವ ಅಧಿಕಾರ ಇಲ್ಲಿ ಎಂ.ಎಸ್‌ಸಿ.ಯಿಂದ ಲಭಿಸುವುದಿಲ್ಲ.

ಇನ್ನು, ಮನೋರೋಗಿಗಳೊಡನೆ ಒಡನಾಡಿದವರಿಗೂ ಆ ರೋಗ ತಗಲುತ್ತದೆಂಬ ಭೀತಿ. ಅದು ಸೋಂಕಲ್ಲ. ಮನಸ್ಸು ದಣಿಯುವುದಂತೂ ಹೌದು. ಆ ದಣಿವಿಗೆ ಬೇಕಾದುದು ವಿಶ್ರಾಂತಿ, ಸಾಕಷ್ಟು ಸಹೋದ್ಯೋಗಿಗಳು ಮತ್ತು ಹಿರಿಯರ ಮಾರ್ಗದರ್ಶನ. ಸಂಬಂಧ ಕೂಡಿಬರಲಾರದೆಂಬ ಅಂಜಿಕೆಯಿಂದ ಮಗಳನ್ನು ಬೇರೆ ವಿಷಯಕ್ಕೆ ತಿರುಗಿಸುವ ತಂದೆತಾಯಿಗಳು, ಆಕೆಯನ್ನು ಒಮ್ಮೆ ಅಂತಹ ವಾರ್ಡಿನಲ್ಲಿ ದುಡಿಯುವ ಶುಶ್ರೂಷಕಿಯೊಡನೆ ಮಾತನಾಡಲು ಬಿಡಲಿ.