ಗಾಡಿಗೆ ದಾರಿ ಮೇಲೆ ದಾರಿ, ನಡೆಯೋರಿಗೆ ಯಾಕಿಲ್ಲ? ಹೆಬ್ಬಾಳ ಜಂಕ್ಷನ್ ಯಾರದ್ದು ಅನ್ನೋ ಪ್ರಶ್ನೆ

ನಾನಿರೋದು ಹೆಬ್ಬಾಳ ಕೆಂಪಾಪುರದಲ್ಲಿ. ಚಿಕ್ಕಬಳ್ಳಾಪುರದಿಂದ ದೊಡ್ಡಮ್ಮ ಆಗಾಗ ಬರ್ತಾರೆ. ಬರುವಾಗ ತೊಂದರೆ ಇಲ್ಲ, ಬಸ್ಸು ಬಳ್ಳಾರಿ ರಸ್ತೆಯಲ್ಲಿ ನಮ್ಮ ಪಕ್ಕಕ್ಕೇ ಇಳಿಸುತ್ತೆ. ಫಜೀತಿ ಶುರುವಾಗೋದು ಅವರನ್ನು ವಾಪಸ್ ಕಳಿಸುವಾಗ. ಚಿಕ್ಕಬಳ್ಳಾಪುರದ ಬಸ್ಸು ನಿಲ್ಲೋದು ರಸ್ತೆಯ ಆಚೆ ಬದಿ. ನಡುವೆ ಸರ್ವೀಸ್ ರಸ್ತೆ, ಅದು ಮುಗಿದರೆ ಮುಖ್ಯ ರಸ್ತೆ, ಆಚೆ ಮತ್ತೊಂದು ಸರ್ವೀಸ್ ರಸ್ತೆ. ತಲೆ ಮೇಲೆ ಸೇತುವೆ. ಪಾದಚಾರಿ ಮೇಲ್ಸೇತುವೆ ಸಿಗುವ ಕಡೆಗೆ ಹೋಗಬೇಕು ಅಂದರೂ ಗಾಡಿಗಳ ಮಧ್ಯೆಯೇ ನಡೆಯಬೇಕು. ಹೋಗಿ ತಲುಪಿದರೂ ಮೆಟ್ಟಿಲು ಹತ್ತೋಕೆ ಅವರ ಮೊಣಕಾಲು ಒಪ್ಪಲ್ಲ.

ಹೋದ ಸಲ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡ್ಕೊಂಡು ಹತ್ತು ನಿಮಿಷ ನಿಂತ ಮೇಲೆ ದೊಡ್ಡಮ್ಮ ಕೇಳಿದರು: "ಅಲ್ಲ ಕಣೋ, ಗಾಡಿಗೆ ಮೇಲೊಂದು ಕೆಳಗೊಂದು ದಾರಿ ಮಾಡವ್ರೆ. ನಡೆಯೋರಿಗೆ ಒಂದು ಮಾಡೋಕಾಗ್ಲಿಲ್ವಾ?"

ಆಮೇಲೆ ಈ ಪ್ರಶ್ನೆ ಹಿಡ್ಕೊಂಡು ನಾನು ಮೂರು ಕಚೇರಿ ಸುತ್ತಿದೆ. ಒಂದು ಕಡೆ "ಆ ರಸ್ತೆ ನಮ್ಮ ವ್ಯಾಪ್ತಿಗೆ ಬರಲ್ಲ" ಅಂದರು. ಇನ್ನೊಂದು ಕಡೆ "ರಸ್ತೆ ನಮ್ಮದೇ, ಆದರೆ ದಾಟೋ ವಿಷಯ ನಮ್ಮದಲ್ಲ" ಅಂದರು. ಮೂರನೇ ಕಡೆ ಅರ್ಜಿ ತಗೊಂಡು ಸೀಲು ಹಾಕಿ ಕೊಟ್ಟರು, ಅಷ್ಟೇ. ಯಾವ್ಯಾವ ಕಚೇರಿ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಅಲ್ಲಿ ಕೂತಿದ್ದವರಾರೂ ಸುಳ್ಳು ಹೇಳಲಿಲ್ಲ. ಮೂವರೂ ಹೇಳಿದ್ದು ಅವರವರ ಮಟ್ಟಿಗೆ ನಿಜವೇ. ಇಡೀ ಸಮಸ್ಯೆ ಇರೋದೇ ಅಲ್ಲಿ.

ಸಮುದ್ರ ಇಲ್ಲದ ಬಂದರು

ಬಂದರು ಊರುಗಳಲ್ಲಿ ಒಂದು ಸಂಗತಿ ಕಾಣುತ್ತೆ. ಸರಕು ಊರೊಳಗಿಂದ ಹಾದು ಹೋಗುತ್ತೆ, ಲಾಭ ಬೇರೆಲ್ಲೋ ಸೇರುತ್ತೆ, ಧೂಳು ಮತ್ತು ಲಾರಿಗಳ ಸಾಲು ಮಾತ್ರ ಊರಿಗೆ ಉಳಿಯುತ್ತೆ. ಬೆಂಗಳೂರಿಗೆ ಸಮುದ್ರ ಇಲ್ಲ, ಆದರೆ ವಿಮಾನ ನಿಲ್ದಾಣ ಇದೆ. ಅದರ ಬಾಗಿಲೇ ನಮ್ಮ ಹೆಬ್ಬಾಳ.

ಹೆಬ್ಬಾಳದ ಮೇಲ್ಸೇತುವೆ ಬಳಕೆಗೆ ಬಂದದ್ದು 2003ರಲ್ಲಿ, ಕಟ್ಟಿಸಿದ್ದು ಬಿಡಿಎ. ಬಳ್ಳಾರಿ ರಸ್ತೆ ಮತ್ತು ಹೊರವರ್ತುಲ ರಸ್ತೆ ಕೂಡುವ ಕಡೆ ಗಾಡಿಗಳು ನಿಲ್ಲದೆ ಹೋಗಲಿ ಅನ್ನೋದು ಉದ್ದೇಶ. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಅಂದರೆ ಸೇತುವೆ ಮೊದಲು, ನಿಲ್ದಾಣ ಆಮೇಲೆ. 2024ರ ಒಂದೇ ವರ್ಷದಲ್ಲಿ ಆ ನಿಲ್ದಾಣ ಬಳಸಿದ ಪ್ರಯಾಣಿಕರು 4 ಕೋಟಿಗೂ ಹೆಚ್ಚು. ಅವರಲ್ಲಿ ದೊಡ್ಡ ಪಾಲು ಹಾದು ಹೋಗೋದು ಇದೇ ಜಂಕ್ಷನ್ ಮೇಲೆ. ಹೊರವರ್ತುಲ ರಸ್ತೆಯಲ್ಲಿ ಬೆಳೆದ ಟೆಕ್ ಪಾರ್ಕುಗಳ ಓಡಾಟ ಇದಕ್ಕೆ ಸೇರಿಕೊಂಡಿದೆ.

ಸೇತುವೆ ಸಾಲದು ಅಂತಾದಾಗ ಹೆಬ್ಬಾಳದಿಂದ ವಿಮಾನ ನಿಲ್ದಾಣದ ಕಡೆಗೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಲಿವೇಟೆಡ್ ರಸ್ತೆ ಬಂತು. ಆಗ ಇಕ್ಕಟ್ಟು ಅದರ ಬುಡಕ್ಕೆ, ಅಂದರೆ ಹೆಬ್ಬಾಳಕ್ಕೇ ಬಂದು ಕೂತಿತು. ಹಾಗಾಗಿ ಹೊಸ ಲೂಪ್‌ಗಳು. ಕೆ.ಆರ್.ಪುರ ಕಡೆಯಿಂದ ಮೇಖ್ರಿ ವೃತ್ತದ ಕಡೆಗೆ ಹೋಗುವ ಲೂಪ್ 2025ರ ಆಗಸ್ಟ್ 18ರಂದು ಉದ್ಘಾಟನೆಯಾಯಿತು. ಉದ್ದ ಸುಮಾರು 700 ಮೀಟರ್, ವೆಚ್ಚ ಸುಮಾರು 80 ಕೋಟಿ ರೂಪಾಯಿ. ಅದರಿಂದ ಪ್ರಯೋಜನ ಆಗಿಲ್ಲ ಅಂತ ಹೇಳಲಾರೆ. ಕಾರು, ಬೈಕಿನಲ್ಲಿ ಹೋಗೋರಿಗೆ ಖಂಡಿತ ಆಗಿದೆ, ಅದರ ಮೇಲೆ ಹೋಗುವ ಬಸ್ಸಿಗೂ ಆಗಿದೆ. ಆದರೆ 2003ರಿಂದ ಇವತ್ತಿನವರೆಗೂ ಇಲ್ಲಿ ಕೇಳಿದ ಪ್ರಶ್ನೆ ಒಂದೇ: ಗಾಡಿ ಬೇಗ ಹೋಗೋದು ಹೇಗೆ? ಇಲ್ಲಿ ಇಳಿಯೋರು, ಹತ್ತೋರು, ದಾಟೋರು ಏನ್ಮಾಡಬೇಕು ಅಂತ ಅಷ್ಟೇ ಗಂಭೀರವಾಗಿ ಯಾರೂ ಕೇಳಲಿಲ್ಲ.

ಹೆಬ್ಬಾಳ ಬರೀ ಹಾದು ಹೋಗುವ ಜಾಗ ಅಲ್ಲ. ಸಿಲ್ಕ್ ಬೋರ್ಡ್ ಕಡೆಯಿಂದ 500-ಡಿ ಬಸ್ಸಲ್ಲಿ ಬಂದವರು ಇಲ್ಲಿಳಿದು ಯಲಹಂಕದ ಬಸ್ಸು ಹಿಡಿಯಬೇಕು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದಿಂದ ಕೆಲಸಕ್ಕೆ ಬರೋರು ಇಲ್ಲಿಂದ ವರ್ತುಲ ರಸ್ತೆಯ ಬಸ್ಸಿಗೆ ಬದಲಾಯಿಸಿಕೊಳ್ಳಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಲ್ಲಿ ಓಡಾಡುವ ಹೆಂಗಸರ ಸಂಖ್ಯೆ ಹೆಚ್ಚಿದೆ. ಟಿಕೆಟ್ಟೇನೋ ಉಚಿತ. ಆದರೆ ಒಂದು ಬಸ್ಸಿಂದ ಇನ್ನೊಂದು ಬಸ್ಸಿಗೆ ನಡೆಯೋ ಆ ಕೆಲವು ನೂರು ಮೀಟರ್ ಮಾತ್ರ ಜೀವ ಕೈಯಲ್ಲಿ ಹಿಡ್ಕೊಂಡು ಹೋಗುವ ದಾರಿ.

ಒಂದು ಜಂಕ್ಷನ್, ಎಷ್ಟು ಯಜಮಾನರು?

ಹೆಬ್ಬಾಳದಲ್ಲಿ ಯಾರ್ಯಾರು ಏನೇನು ಮಾಡ್ತಾರೆ ಅಂತ ಒಮ್ಮೆ ಎಣಿಸಿ ನೋಡೋಣ.

ಮೇಲ್ಸೇತುವೆ ಮತ್ತು ಲೂಪ್ ಬಿಡಿಎ ಕೆಲಸ. ಇಲ್ಲಿಂದ ಉತ್ತರಕ್ಕೆ ಹೋಗುವ ಬಳ್ಳಾರಿ ರಸ್ತೆ ರಾಷ್ಟ್ರೀಯ ಹೆದ್ದಾರಿ 44, ಅಂದರೆ ಕೇಂದ್ರದ ಹೆದ್ದಾರಿ ಪ್ರಾಧಿಕಾರ. ಒಳರಸ್ತೆ, ಫುಟ್‌ಪಾತ್, ಮಳೆನೀರಿನ ಕಾಲುವೆ ಪಾಲಿಕೆಯದ್ದು. ಒಳಚರಂಡಿ ಜಲಮಂಡಳಿಯದ್ದು. ಬಸ್ಸು ಬಿಎಂಟಿಸಿ ಮತ್ತು ಕೆಎಸ್ಆರ್‌ಟಿಸಿ. ಸಿಗ್ನಲ್ ಮತ್ತು ಬ್ಯಾರಿಕೇಡ್ ಸಂಚಾರ ಪೊಲೀಸರದ್ದು. ಮೆಟ್ರೊ ಬಿಎಂಆರ್‌ಸಿಎಲ್. ರೈಲು ಹಳಿ ನೈರುತ್ಯ ರೈಲ್ವೆಯದ್ದು. ಅದರ ಪಕ್ಕದಲ್ಲಿ ಬರಬೇಕಾದ ಉಪನಗರ ರೈಲು ಕೆ-ರೈಡ್ ಪಾಲಿಗೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಅಂತ ಹೊರಟಿರುವ ಸುರಂಗ ರಸ್ತೆಗೆ ಬಿ-ಸ್ಮೈಲ್ ಅನ್ನೋ ಮತ್ತೊಂದು ಸಂಸ್ಥೆ.

ಹತ್ತಕ್ಕೂ ಹೆಚ್ಚು ಆಯಿತು. ಪ್ರತಿಯೊಂದಕ್ಕೂ ತನ್ನ ಯೋಜನೆ, ತನ್ನ ಟೆಂಡರ್, ತನ್ನ ಗಡುವು. ಸೇತುವೆ ಕಟ್ಟೋರಿಗೆ ಸೇತುವೆ ಮುಗಿದರೆ ಕೆಲಸ ಮುಗೀತು. ಬಸ್ಸು ಓಡಿಸೋರಿಗೆ ಬಸ್ಸು ಹೊರಟರೆ ಆಯಿತು. ಸೇತುವೆಗೂ ಬಸ್ಸಿಗೂ ನಡುವೆ ಇರುವ ಜಾಗ, ಮನುಷ್ಯ ನಡೆಯುವ ಜಾಗ, ಯಾರ ಟೆಂಡರಿನಲ್ಲೂ ಇಲ್ಲ. ಅದಕ್ಕೇ ನನಗೆ ಮೂರು ಕಚೇರಿಯಲ್ಲಿ ಮೂರು ಉತ್ತರ ಸಿಕ್ಕಿದ್ದು.

ಇದನ್ನೆಲ್ಲ ಒಂದು ಕಡೆ ಸೇರಿಸಬೇಕು ಅಂತ ಸರ್ಕಾರಕ್ಕೂ ಗೊತ್ತಿದೆ. ಅದಕ್ಕಾಗಿಯೇ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ಬಂತು. ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ ಬಂದಿದೆ. ಅಧ್ಯಕ್ಷರು ಮುಖ್ಯಮಂತ್ರಿ, ನಗರದ ಶಾಸಕರು ಮತ್ತು ಸಂಸ್ಥೆಗಳ ಮುಖ್ಯಸ್ಥರು ಸದಸ್ಯರು. ಎಲ್ಲ ಸಂಸ್ಥೆಗಳೂ ಒಂದೇ ಮೇಜಿನ ಮುಂದೆ ಕೂತರೆ ಒಳ್ಳೇದೇ ಅಲ್ವಾ ಅಂತ ಕೇಳಬಹುದು. ಖಂಡಿತ ಒಳ್ಳೇದು. ಆದರೆ ಮುಖ್ಯಮಂತ್ರಿ ಕೂರುವ ಮೇಜಿಗೆ ಸಾವಿರಾರು ಕೋಟಿಯ ಕಡತ ಬರುತ್ತೆ, ಕೆಂಪಾಪುರದ ಜೀಬ್ರಾ ಪಟ್ಟೆ ಬರಲ್ಲ.

ಕೇಳಿಸಿಕೊಳ್ಳಬೇಕಾದವರ ಕುರ್ಚಿ ಖಾಲಿ

ಜೀಬ್ರಾ ಪಟ್ಟೆಯ ವಿಷಯ ಬರಬೇಕಾದ ಜಾಗ ವಾರ್ಡು. ಅದನ್ನು ಹೊತ್ತು ತಿರುಗಬೇಕಾದವರು ಕಾರ್ಪೊರೇಟರ್. ಆ ಕುರ್ಚಿ 2020ರ ಸೆಪ್ಟೆಂಬರ್ 10ರಿಂದ ಖಾಲಿ ಬಿದ್ದಿದೆ.

ಬ್ಯಾಟರಾಯನಪುರ, ಯಲಹಂಕ ನಗರಸಭೆಗಳೆಲ್ಲ ಸೇರಿ ಬಿಬಿಎಂಪಿ ಆದದ್ದು 2007ರಲ್ಲಿ. ಅದಕ್ಕೆ ಚುನಾವಣೆ ನಡೆದದ್ದು ಎರಡೇ ಸಲ, 2010ರಲ್ಲಿ ಮತ್ತು 2015ರಲ್ಲಿ. ಎರಡನೇ ಕೌನ್ಸಿಲಿನ ಅವಧಿ 2020ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನದ 243-ಯು ವಿಧಿ ಹೇಳುತ್ತೆ. ಆರು ವಾರದಲ್ಲಿ ಚುನಾವಣೆ ಘೋಷಿಸಿ ಅಂತ ಹೈಕೋರ್ಟ್ 2020ರ ಡಿಸೆಂಬರಿನಲ್ಲಿ ಹೇಳಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅಲ್ಲಿಂದ ವಾರ್ಡು ಎಣಿಸುವ ಕೆಲಸ ಶುರು. 198 ಇದ್ದದ್ದು 243 ಆಯಿತು. ಸರ್ಕಾರ ಬದಲಾಯಿತು, 225 ಆಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರಪಾಲಿಕೆ ಬಂದವು, ವಾರ್ಡು 369 ಆದವು. ನಾವು ಉತ್ತರ ಪಾಲಿಕೆಗೆ ಸೇರಿದೆವು. ಲೆಕ್ಕ ಮೂರು ಸಲ ಬದಲಾಯಿತು. 2025 ಕಳೆದರೂ ಒಂದು ಓಟು ಮಾತ್ರ ಬೀಳಲಿಲ್ಲ.

ಇದರಲ್ಲಿ ಬಿಜೆಪಿ, ಕಾಂಗ್ರೆಸ್ ಅಂತ ಬೇಧ ಇಲ್ಲ. ಎರಡೂ ಸರ್ಕಾರಗಳಿಗೆ ಕೌನ್ಸಿಲ್ ಇಲ್ಲದೇ ಇರೋದು ಅನುಕೂಲವೇ ಆಗಿದೆ. ಅಧಿಕಾರಿ ಆಡಳಿತಗಾರ ಆಗಿದ್ದರೆ ಶಾಸಕರ ಮಾತು ನಡೆಯುತ್ತೆ, ಪ್ರಶ್ನೆ ಕೇಳೋರು ಇರಲ್ಲ.

ನಮ್ಮ ಜಂಕ್ಷನ್ನಿನ ವಿಚಿತ್ರ ನೋಡಿ. ಒಂದು ಪಕ್ಕ ಹೆಬ್ಬಾಳ ಕ್ಷೇತ್ರ, ಇನ್ನೊಂದು ಪಕ್ಕ ಬ್ಯಾಟರಾಯನಪುರ. 2023ರಲ್ಲಿ ಬಂದ ಸರ್ಕಾರದಲ್ಲಿ ಹೆಬ್ಬಾಳದ ಶಾಸಕ ಬೈರತಿ ಸುರೇಶ್ ನಗರಾಭಿವೃದ್ಧಿ ಸಚಿವರಾದರು, ಬ್ಯಾಟರಾಯನಪುರದ ಕೃಷ್ಣ ಬೈರೇಗೌಡ ಕಂದಾಯ ಸಚಿವರಾದರು. ರಸ್ತೆಯ ಈಚೆಗೊಬ್ಬ ಸಚಿವರು, ಆಚೆಗೊಬ್ಬ ಸಚಿವರು. ಇಡೀ ರಾಜ್ಯದ ಖಾತೆ ಹೊತ್ತವರು ಬಸ್ ಸ್ಟಾಪಿನ ನೆರಳು, ಫುಟ್‌ಪಾತಿನ ಕಲ್ಲು ನೋಡ್ಕೊಂಡು ಕೂರೋಕೆ ಆಗಲ್ಲ. ಅದು ಅವರ ಕೆಲಸವೂ ಅಲ್ಲ.

ಕಾರ್ಪೊರೇಟರ್‌ಗಳೇನು ಸಾಚಾಗಳಾ ಅಂತ ನೀವು ಕೇಳ್ತೀರಿ ಅಂತ ಗೊತ್ತು. ಕಸದ ಟೆಂಡರು, ರಸ್ತೆಯ ಪರ್ಸೆಂಟೇಜು ಎಲ್ಲ ನಮಗೂ ನೆನಪಿದೆ. ಆದರೆ ಅವರು ಇದೇ ವಾರ್ಡಿನ ಮತದಾರರ ಮುಂದೆ ಮತ್ತೆ ಬರಬೇಕು. ಬೆಳಗ್ಗೆ ಮನೆ ಬಾಗಿಲಿಗೆ ಹೋಗಿ ಬೈಯಬಹುದು. "ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಎಂಜಿನಿಯರ್ ಹೇಳಿದರೆ ನಡೆಯುತ್ತೆ, ಓಟು ಕೇಳೋರು ಹೇಳಿದರೆ ನಡೆಯಲ್ಲ. ಆ ಒಂದು ಹೆದರಿಕೆಯೇ ಹತ್ತು ಕಚೇರಿಗಳ ನಡುವೆ ದಾರಿ ಮಾಡಿಸುತ್ತೆ.

ಜನ ಕೇಳಿದಾಗ ಆಗಿದೆ

ಇದೇ ಬಳ್ಳಾರಿ ರಸ್ತೆಯಲ್ಲಿ ಕೇಳಿ ಗೆದ್ದ ಉದಾಹರಣೆ ಇದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರಿನ ಉಕ್ಕಿನ ಮೇಲ್ಸೇತುವೆ ಕಟ್ಟೋಕೆ 2016ರಲ್ಲಿ ಸರ್ಕಾರ ಹೊರಟಿತ್ತು. ಲೆಕ್ಕ 1,791 ಕೋಟಿ. ಆ ವರ್ಷದ ಅಕ್ಟೋಬರ್ 16ರಂದು ಜನ ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತರು. ಹಸಿರು ನ್ಯಾಯಮಂಡಳಿಯ ತಡೆ ಬಂತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಅದಕ್ಕೂ ಹಿಂದೆ ಹೆಬ್ಬಾಳ ಕೆರೆಯನ್ನು 'ಅಭಿವೃದ್ಧಿ' ಹೆಸರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರವೇ ಒಂದು ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿಗೆ ಹೋಯಿತು. ಕೆರೆ ಸಾರ್ವಜನಿಕರದ್ದು, ದುಡ್ಡು ಕೊಟ್ಟವರಿಗೆ ಮಾತ್ರ ತೆರೆದ ಜಾಗ ಆಗಬಾರದು ಅನ್ನೋ ವಾದಕ್ಕೆ ಬಲ ಬಂತು.

ಆದರೆ ಈ ಎರಡರಲ್ಲೂ ಜನ ಗೆದ್ದದ್ದು 'ಬೇಡ' ಅಂತ ಹೇಳೋದರಲ್ಲಿ. 'ಬೇಡ' ಅನ್ನೋಕೆ ಬೀದಿ ಮತ್ತು ಕೋರ್ಟು ಸಾಕು. 'ಇದು ಬೇಕು, ಇಲ್ಲೇ ಬೇಕು, ಇಷ್ಟು ಅಗಲ ಬೇಕು' ಅಂತ ಹೇಳಿ ಮಾಡಿಸಿಕೊಳ್ಳೋಕೆ ವರ್ಷಪೂರ್ತಿ ಕೂರುವ ಒಂದು ಸಭೆ ಬೇಕು. ಅದೇ ನಮ್ಮಲ್ಲಿ ಇಲ್ಲ.

ಮುಂದೆ ಬರೋದು ಇನ್ನೂ ದೊಡ್ಡದು

ಇದು ಈಗ ಯಾಕೆ ಮುಖ್ಯ ಅಂದರೆ, ಹೆಬ್ಬಾಳದ ಸ್ವರೂಪವೇ ಬದಲಾಗ್ತಾ ಇದೆ. ಕೆ.ಆರ್.ಪುರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ನೀಲಿ ಮಾರ್ಗಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಅದರಲ್ಲಿ ಕೆಂಪಾಪುರಕ್ಕೂ ಒಂದು ನಿಲ್ದಾಣ, ಹೆಬ್ಬಾಳಕ್ಕೂ ಒಂದು. ಉಪನಗರ ರೈಲಿಗೆ ಪ್ರಧಾನಿ ಮೋದಿ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಮಾಡಿ 40 ತಿಂಗಳ ಮಾತು ಕೊಟ್ಟಿದ್ದರು. ಆ ಗಡುವು ದಾಟಿ ಹೋಗಿದೆ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಹೋಗುವ ಅದರ ಮಲ್ಲಿಗೆ ಮಾರ್ಗವೂ ಹೆಬ್ಬಾಳದ ಮೇಲೇ ಹೋಗಬೇಕು. ಬಸ್ಸು, ಮೆಟ್ರೊ, ರೈಲು ಎಲ್ಲ ಒಂದೇ ಕಡೆ ಕೂಡಿಸೋಕೆ ಮೆಟ್ರೊ ನಿಗಮ ಹೆಬ್ಬಾಳದಲ್ಲಿ 45 ಎಕರೆ ಜಮೀನು ಕೇಳಿದೆ. ಇದರ ಜೊತೆಗೆ 16 ಕಿಲೋಮೀಟರಿಗೂ ಉದ್ದದ, 17,000 ಕೋಟಿಗೂ ಮೀರಿದ ಸುರಂಗ ರಸ್ತೆಯ ಬಾಯಿ ಇಲ್ಲೇ ತೆರೆಯಲಿದೆ.

ಮೆಟ್ರೊ ಹತ್ತೋರು ಮೊದಲು ನಡೆದೇ ಬರಬೇಕು. ಸುರಂಗದಿಂದ ಹೊರಬರುವ ಕಾರುಗಳು ಅದೇ ನಡಿಗೆಯ ಜಾಗಕ್ಕೆ ಬಂದು ಸೇರುತ್ತವೆ. ಇವೆರಡರಲ್ಲಿ ಜಾಗ ಯಾರಿಗೆ ಮೊದಲು? ಇದು ಎಂಜಿನಿಯರಿಂಗ್ ಪ್ರಶ್ನೆ ಅಂತ ಅಂದ್ಕೊಂಡರೆ ಮೋಸ ಹೋಗ್ತೀವಿ. ಇದು ಅಪ್ಪಟ ರಾಜಕೀಯ ಪ್ರಶ್ನೆ, ಉತ್ತರ ಕೊಡಬೇಕಾದವರು ಮಾತ್ರ ನಮ್ಮ ಓಟಿನಿಂದ ಬಂದವರಲ್ಲ.

ಹಾಗಾಗಿ ವಾರ್ಡಿನ ಚುನಾವಣೆ ಬಂದಾಗ ಮನೆಗೆ ಬರುವ ಅಭ್ಯರ್ಥಿಯನ್ನು ಮೂರೇ ಮಾತು ಕೇಳೋಣ. ಹೆಬ್ಬಾಳ, ಕೆಂಪಾಪುರದಲ್ಲಿ ಮೆಟ್ಟಿಲು ಹತ್ತದೆ ನೆಲದ ಮೇಲೇ ದಾಟುವ ಜಾಗ ಎಲ್ಲೆಲ್ಲಿ ಮಾಡಿಸ್ತೀರಿ? ಮೆಟ್ರೊ ನಿಲ್ದಾಣದ ಬಾಗಿಲಿಂದ ಬಸ್ ಸ್ಟಾಪಿಗೆ ಎಷ್ಟು ಹೆಜ್ಜೆ? ಜಂಕ್ಷನ್ನಿನ ನಡಿಗೆಗೆ ಹೊಣೆ ಹೊರುವ ಒಂದೇ ಒಂದು ಕಚೇರಿ ಯಾವುದು, ಅದನ್ನು ಕೌನ್ಸಿಲಿನಲ್ಲಿ ಹೇಳಿಸ್ತೀರಾ? ಉತ್ತರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ತಿಳ್ಕೊಂಡು ಬನ್ನಿ ಅಂತ ಕಳಿಸೋಣ.

ಆ ದಿನ ಕೊನೆಗೆ ನಮ್ಮನ್ನು ದಾಟಿಸಿದ್ದು ಯಾವ ಇಲಾಖೆಯೂ ಅಲ್ಲ. ಪಕ್ಕದಲ್ಲಿ ನಿಂತಿದ್ದ ನಾಲ್ಕೈದು ಜನ ಕಾಲೇಜು ಹುಡುಗರು ಒಟ್ಟಿಗೆ ಕೈ ಅಡ್ಡ ಹಿಡಿದು ರಸ್ತೆಗಿಳಿದರು, ನಾವು ಅವರ ಹಿಂದೆ ಹೋದೆವು. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ದೊಡ್ಡಮ್ಮ ಹೇಳಿದ್ದು, "ಮುಂದಿನ ಸಲ ನೀನೇ ಬಾ ಊರಿಗೆ."