ಕಡಲ ದರೆಯ ಪಳೆಯುಳಿಕೆಗಳು: ಅವುಗಳ ಸಂಗ್ರಹವೂ ಸಂರಕ್ಷಣೆಯೂ

ಶಾಸನವೊಂದನ್ನು ಅದರ ಮೂಲಸ್ಥಾನದಿಂದ ಕಿತ್ತು, ಎಲ್ಲಿಂದ ತಂದುದೆಂಬುದನ್ನು ಬರೆದಿಡದೆ ಬೇರೊಂದು ಊರಿನಲ್ಲಿ ನಿಲ್ಲಿಸಿದರೆ, ಅಕ್ಷರಗಳಲ್ಲಿ ಒಂದೂ ಅಳಿಯದಿದ್ದರೂ ಅದರ ಸಾಕ್ಷ್ಯದ ದೊಡ್ಡ ಭಾಗವು ನಷ್ಟವಾಗುವುದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಅಕ್ಷರವಿಲ್ಲದ ಕಲ್ಲುಗಳಿಗೂ ಇದೇ ನ್ಯಾಯವು ಅನ್ವಯಿಸುವುದು. ನಮ್ಮ ಮನೆಗಳಲ್ಲಿ ಪೂಜೆಗೊಳ್ಳುವ, ಚಕ್ರದ ಗುರುತುಳ್ಳ ಗಂಡಕೀನದಿಯ ಸಾಲಿಗ್ರಾಮಗಳಲ್ಲಿ ಕಾಣುವ ಸುರುಳಿಯು ಅಮೊನೈಟ್ ಎಂಬ, ಈಗ ನಿರ್ವಂಶವಾಗಿರುವ ಕಡಲಜೀವಿಯ ಚಿಪ್ಪಿನದು. ಇದೇ ಜೀವಿವರ್ಗದ ಚಿಪ್ಪುಗಳು ಇಂಗ್ಲೆಂಡಿನ ದಕ್ಷಿಣತೀರದಲ್ಲಿ, ಡಾರ್ಸೆಟ್ ಜಿಲ್ಲೆಯ ಲೈಮ್ ರೀಜಿಸ್ ಮತ್ತು ಚಾರ್ಮತ್ ಎಂಬ ಊರುಗಳ ಬಳಿ, ಕಡಲಿಗೆ ಇದಿರಾಗಿ ನಿಂತಿರುವ ದರೆಯಿಂದ ಹೇರಳವಾಗಿ ಉದುರುತ್ತವೆ. ಅವನ್ನು ಆಯ್ದುಕೊಳ್ಳುವ ಬಗೆ ಯಾವುದು, ಆಯ್ದುದನ್ನು ಉಳಿಸಿಕೊಳ್ಳುವ ಬಗೆ ಯಾವುದು ಎಂಬುದೇ ಪ್ರಕೃತ ಲೇಖನದ ವಿಷಯ.

ಈ ದರೆಯ ತಳದಲ್ಲಿ ಸುಣ್ಣಕಲ್ಲಿನ ಪದರವೂ ಜೇಡಿಯ ಪದರವೂ ಒಂದರ ಮೇಲೊಂದು ಅಡಕಿದಂತೆ ಇರುವುವು. ಅವುಗಳ ಮೇಲೆ ಕಪ್ಪುಜೇಡಿಯ ದಪ್ಪನೆಯ ಪದರಗಳೂ, ಎಲ್ಲಕ್ಕೂ ಮೇಲೆ ಮರಳುಕಲ್ಲೂ ಇವೆ. ತಳದ ಪದರಗಳು ಸುಮಾರು ೨೦ ಕೋಟಿ ವರ್ಷಗಳ ಹಿಂದೆ ಕಡಲಡಿಯಲ್ಲಿ ಸಂಚಯವಾದ ಕೆಸರು. ಮೇಲಣ ಮರಳಿನಲ್ಲಿ ಇಂಗಿದ ಮಳೆನೀರು ಜೇಡಿಯನ್ನು ದಾಟಲಾರದೆ ನಿಲ್ಲುವುದರಿಂದ ಮೇಲಿನ ಭಾರವೆಲ್ಲ ಜಾರುವುದು. ಕೆಳಗಿನಿಂದ ಅಲೆಗಳು ಕೊರೆಯುವುವು. ೨೦೦೮ನೆಯ ಇಸವಿ ಮೇ ೬ರಂದು ಸುಮಾರು ೪೦೦ ಮೀಟರು ಉದ್ದದ ದಂಡೆಯು ಹೀಗೆ ಕುಸಿಯಿತು. ಕುಸಿತವಿಲ್ಲದೆ ಪಳೆಯುಳಿಕೆಯು ಹೊರಬೀಳದು. ಹೊರಬಿದ್ದುದನ್ನು ಬೇಗನೆ ಎತ್ತಿಕೊಳ್ಳದಿದ್ದರೆ ಕೆಲವೇ ಭರತ ಇಳಿತಗಳಲ್ಲಿ ಕಡಲು ಅದನ್ನು ನುಚ್ಚುಮಾಡುವುದು. ಇದ್ದುದು ಇದ್ದಲ್ಲಿಯೇ ಇರಲೆಂಬ ನಿಯಮವು ಇಲ್ಲಿ ರಕ್ಷಣೆಯಾಗದೆ ವಿನಾಶವೇ ಆಗುವುದು.

ಆದುದರಿಂದಲೇ, ೨೦೦೧ರಲ್ಲಿ ವಿಶ್ವಪರಂಪರೆಯ ತಾಣವೆಂದು ಮನ್ನಣೆ ಪಡೆದ ಈ ತೀರದಲ್ಲಿ ಸಂಗ್ರಹವನ್ನು ನಿಷೇಧಿಸದೆ ಕ್ರಮಪಡಿಸಿದ್ದಾರೆ. ಮರಳಿನ ಮೇಲೆ ಬಿದ್ದುದನ್ನು ಯಾರು ಬೇಕಾದರೂ ಆಯಬಹುದು. ಅನುಮತಿಯಿಲ್ಲದೆ ದರೆಯನ್ನು ಅಗೆಯಕೂಡದು. ಅಪೂರ್ವವಾದ ವಸ್ತು ದೊರೆತರೆ ಅದನ್ನು ದಾಖಲೆ ಮಾಡಿಸತಕ್ಕುದು. ಮಳೆಯೂ ಬಿರುಗಾಳಿಯೂ ಹೆಚ್ಚಾಗಿರುವ ಚಳಿಗಾಲವೇ ಸಂಗ್ರಹಕ್ಕೆ ತಕ್ಕ ಕಾಲ. ಆದರೆ ಅಪಾಯಕ್ಕೂ ಅದೇ ಕಾಲ. ನೀರು ಇಳಿಯುತ್ತಿರುವಾಗ ಹೊರಟು, ಏರುವ ಮೊದಲೇ ಹಿಂದಿರುಗಬೇಕು. ದರೆಯ ಬುಡದಲ್ಲಿ ನಿಲ್ಲಬಾರದು. ಈ ತೀರದ ಸಂಗ್ರಾಹಕರಲ್ಲಿ ಅತ್ಯಂತ ಪ್ರಸಿದ್ಧಳಾದ ಮೇರಿ ಆನಿಂಗ್ (೧೭೯೯-೧೮೪೭) ಎಂಬಾಕೆಯೇ ೧೮೩೩ರಲ್ಲಿ ಇಂತಹ ಕುಸಿತವೊಂದರಿಂದ ಸ್ವಲ್ಪದರಲ್ಲಿ ಪಾರಾದಳು. ಪಕ್ಕದಲ್ಲಿದ್ದ ಅವಳ ನಾಯಿ ಮಣ್ಣಿನಡಿ ಸಿಕ್ಕಿ ಸತ್ತಿತು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ದರೆಯಿಂದ ಬಿದ್ದು ಅಲೆಯಲ್ಲಿ ಹೊರಳಿದ ಕಲ್ಲಿಗೆ ಮೂಲಸ್ಥಾನದ ಅರಿವು ಎಲ್ಲಿಂದ ಬರಬೇಕು? ಇದಕ್ಕೆ ಸಮಾಧಾನವುಂಟು. ಜರ್ಮನಿಯ ಆಲ್ಬರ್ಟ್ ಒಪ್ಪೆಲನು ೧೮೫೬-೫೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದೊಂದು ಅಮೊನೈಟ್ ಜಾತಿಯೂ ಕೆಲವು ಪದರಗಳಿಗೆ ಮಾತ್ರ ಸೀಮಿತವಾಗಿರುವುದರಿಂದ ಅವುಗಳ ಆಧಾರದ ಮೇಲೆ ಜುರಾಸಿಕ್ ಶಿಲೆಗಳ ಕಾಲಕ್ರಮವನ್ನು ನಿರ್ಣಯಿಸಬಹುದೆಂದು ತೋರಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಡಬ್ಲ್ಯು. ಡಿ. ಲ್ಯಾಂಗ್ ಎಂಬ ವಿದ್ವಾಂಸನು ಚಾರ್ಮತ್ತಿನ ದರೆಯ ಪದರಗಳನ್ನು ಒಂದೊಂದಾಗಿ ಅಳೆದು ಅವಕ್ಕೆ ಸಂಖ್ಯೆಗಳನ್ನು ಕೊಟ್ಟನು. ಹೀಗಿರುವುದರಿಂದ, ಪಳೆಯುಳಿಕೆಗೆ ಅಂಟಿಕೊಂಡಿರುವ ಕಲ್ಲಿನ ಬಣ್ಣ, ಕಣ, ಅದರೊಳಗಿನ ಸಣ್ಣ ಅಮೊನೈಟ್‌ಗಳು ಇವುಗಳಿಂದ ಅದು ಯಾವ ಪದರದ್ದೆಂದು ಅನೇಕ ವೇಳೆ ಊಹಿಸಬಹುದು. ಅಂದವಾಗಲೆಂದು ಈ ಕಲ್ಲನ್ನೆಲ್ಲ ಕೆತ್ತಿ ತೆಗೆಯುವವನು, ಓಲೆಗರಿಯ ಕಟ್ಟಿನಿಂದ ಪ್ರತಿಕಾರನ ಕೊನೆಯ ಗರಿಯನ್ನು ಕಿತ್ತೆಸೆಯುವವನಿಗೆ ಸಮಾನನು. ದೊರೆತ ಸ್ಥಳ, ದಿನ, ಪದರ, ಕೈಗೆ ಸಿಕ್ಕಾಗಿನ ಸ್ಥಿತಿ ಇವನ್ನು ಅಲ್ಲಿಯೇ ಬರೆದುಕೊಳ್ಳತಕ್ಕುದು. ಮನೆಗೆ ಬಂದ ಮೇಲೆ ನೆನಪಿನಿಂದ ಬರೆದುದು ಸಾಕ್ಷ್ಯವಾಗಲಾರದು.

ಇನ್ನು ಸಂರಕ್ಷಣೆಯ ವಿಚಾರ. ಕಡಲ ನೀರಿನಲ್ಲಿ ನೆನೆದ ಕಲ್ಲು ಒಣಗುವಾಗ ಒಳಗಿನ ಉಪ್ಪು ಹರಳುಗಟ್ಟಿ ಮೇಲ್ಮೈಯನ್ನು ಚಕ್ಕೆ ಏಳಿಸುವುದು. ಆದಕಾರಣ ಸುಣ್ಣಕಲ್ಲಿನ ತುಂಡುಗಳನ್ನು ಸಿಹಿನೀರಿನಲ್ಲಿ, ನೀರನ್ನು ಮತ್ತೆ ಮತ್ತೆ ಬದಲಾಯಿಸುತ್ತ, ಹಲವು ದಿನ ಇಟ್ಟು ಆಮೇಲೆ ನಿಧಾನವಾಗಿ ಒಣಗಿಸಬೇಕು. ಇದಕ್ಕಿಂತ ಪ್ರಬಲವಾದ ಶತ್ರು ಮತ್ತೊಂದುಂಟು. ಕಪ್ಪುಜೇಡಿಯ ಅಮೊನೈಟ್‌ಗಳಲ್ಲಿ ಅನೇಕವು ಪೈರೈಟ್ ಎಂಬ ಕಬ್ಬಿಣ ಗಂಧಕಗಳ ಸಂಯುಕ್ತದಿಂದ ಆದುವು. ನೋಡಲು ಚಿನ್ನದಂತೆ ಹೊಳೆಯುವುವು. ಗಾಳಿಯ ಆಮ್ಲಜನಕವೂ ತೇವವೂ ತಾಗಿದರೆ ಪೈರೈಟು ಕಬ್ಬಿಣದ ಸಲ್ಫೇಟಾಗಿಯೂ ಗಂಧಕಾಮ್ಲವಾಗಿಯೂ ಮಾರ್ಪಡುವುದು. ಸಲ್ಫೇಟು ಮೂಲವಸ್ತುವಿಗಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಚಿಪ್ಪು ಬಿರಿದು, ಬಿಳಿಹಳದಿಯ ಪುಡಿಯಾಗಿ ಉದುರುವುದು. ಈ ಕ್ರಿಯೆಯಲ್ಲಿ ಕಾವೂ ಹುಟ್ಟುವುದು. ೧೯೦೮ರಲ್ಲಿ ಲೈಮ್ ರೀಜಿಸ್ ಬಳಿಯ ದರೆಯೇ ಹೊತ್ತಿ ಉರಿದುದಕ್ಕೆ ಇದನ್ನೇ ಕಾರಣವೆಂದು ಹೇಳುವರು. ಇಂತಹ ವಸ್ತುಗಳನ್ನು ತೇವವನ್ನು ಹೀರುವ ಸಿಲಿಕಾ ಹರಳುಗಳೊಡನೆ ಮುಚ್ಚಿದ ಪೆಟ್ಟಿಗೆಯಲ್ಲಿ ಒಣಗಿದ ಸ್ಥಿತಿಯಲ್ಲಿಡಬೇಕು. ರೋಗ ತಗುಲಿದುದನ್ನು ಅಮೋನಿಯಾ ಅನಿಲದಲ್ಲಿಟ್ಟು ಆಮ್ಲವನ್ನು ಶಮನಗೊಳಿಸುವುದುಂಟು. ಸಡಿಲವಾದ ಭಾಗಗಳನ್ನು ಬಿಗಿಗೊಳಿಸುವ ಅಂಟು, ಮುಂದೆ ಬೇಕಾದಾಗ ಕರಗಿಸಿ ತೆಗೆಯಲು ಬರುವಂತಹುದಾಗಿರಬೇಕು.

ಗಮನಿಸತಕ್ಕ ಇನ್ನೊಂದು ಅಂಶವೇನೆಂದರೆ, ಈ ಆಮ್ಲವು ಪೆಟ್ಟಿಗೆಯನ್ನೂ ಅದರಲ್ಲಿರುವ ಚೀಟಿಯನ್ನೂ ತಿಂದುಹಾಕುವುದು. ಚೀಟಿ ಹೋದ ಮೇಲೆ ಉಳಿದ ತುಂಡು ಹೆಸರಿಲ್ಲದ ಕಲ್ಲು. ಆದುದರಿಂದ ವಸ್ತುವಿನ ಮೇಲೆ ಕ್ರಮಸಂಖ್ಯೆಯನ್ನು ಬರೆದು, ಅದರ ವಿವರವನ್ನು ಬೇರೆ ಪುಸ್ತಕದಲ್ಲಿಡುವುದು ಆವಶ್ಯಕ.

ದರೆಯಿಂದ ಉಳಿದು ಬಂದುದು ಮನುಷ್ಯರ ಕೈಯಲ್ಲಿ ಕಳೆದುಹೋಗಬಹುದೆಂಬುದಕ್ಕೆ ಒಂದು ನಿದರ್ಶನ ಸಾಕು. ೧೮೧೧ರಲ್ಲಿ ಮೇರಿಯ ಅಣ್ಣ ಜೋಸೆಫನಿಗೆ ಇಕ್ತಿಯೋಸಾರ್ ಎಂಬ ಕಡಲ ಸರೀಸೃಪದ ತಲೆಬುರುಡೆ ದೊರೆಯಿತು. ಮರುವರ್ಷ ಅದರ ದೇಹಭಾಗವನ್ನು ಮೇರಿ ಹುಡುಕಿ ತೆಗೆಯಿಸಿದಳು. ಅದು ೨೩ ಪೌಂಡುಗಳಿಗೆ ಮಾರಾಟವಾಗಿ, ಕೈಯಿಂದ ಕೈಗೆ ಸಾಗಿ, ೧೮೧೯ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು. ೧೮೧೪ರಲ್ಲಿ ಎವೆರಾರ್ಡ್ ಹೋಮನು ಇದನ್ನು ಕುರಿತು ಬರೆದ ಲೇಖನದಲ್ಲಿ ಆ ಒಡಹುಟ್ಟಿದವರ ಹೆಸರಿಲ್ಲ. ತಲೆಬುರುಡೆಯು ಇಂದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಹುಡುಗಿಯೊಬ್ಬಳು ಕಡಲ ಬಾಯಿಂದ ತಪ್ಪಿಸಿ ತಂದ ದೇಹಭಾಗವು ಅದರಿಂದ ಬೇರ್ಪಟ್ಟು ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಇದಕ್ಕೆ ಪ್ರತಿಯಾಗಿ, ಅದೇ ಊರಿನ ಫಿಲ್‌ಪಾಟ್ ಸೋದರಿಯರು ಚೀಟಿಯೊಡನೆ ಜೋಡಿಸಿಟ್ಟ ಸಂಗ್ರಹವು ಆಕ್ಸ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ವಿದ್ವಾಂಸರ ಉಪಯೋಗಕ್ಕೆ ಒದಗಿಬರುತ್ತಿದೆ. ಕಲ್ಲನ್ನು ಎತ್ತಿ ತಂದವನ ಕರ್ತವ್ಯವು ಅದನ್ನು ಒಣಗಿಸಿ, ಗುರುತು ಬರೆದು, ನೋಡಿಕೊಳ್ಳುವವರ ವಶಕ್ಕೆ ಒಪ್ಪಿಸುವವರೆಗೆ ಮುಗಿಯುವುದಿಲ್ಲವೆಂಬುದು ಇವೆರಡು ಸಂಗತಿಗಳಿಂದ ವಿಶದವಾಗುವುದು.